ಅಕ್ಕನ ಕೈಯ ಆಯಸ್ಕಾಂತ

ನನ್ನ ಅಕ್ಕನಿಗೆ ಮೂರ್ಛೆ ಬರುತ್ತಿತ್ತು. ಬಂದಾಗಲೆಲ್ಲ ಅವ್ವ ಓಡಿಬಂದು ಕೀಲಿಕೈ ಗೊಂಚಲನ್ನು ಅವಳ ಮುಷ್ಟಿಗೆ ತುರುಕುತ್ತಿದ್ದಳು. ಕಬ್ಬಿಣ ಹಿಡಿಸಿದರೆ ಮೂರ್ಛೆ ಇಳಿಯುತ್ತದೆಂದು ನಮ್ಮ ತಂಬ್ರಹಳ್ಳಿಯಲ್ಲಿ ಎಲ್ಲರೂ ನಂಬಿದ್ದರು. ಎರಡು ನಿಮಿಷಕ್ಕೆ ಅದು ತಾನಾಗಿಯೇ ಇಳಿಯುತ್ತಿತ್ತು, ಹೆಸರು ಮಾತ್ರ ಕೀಲಿಕೈಗೆ.

ಹಾಗಾಗಿ ತೊಂಬತ್ತರ ದಶಕದ ಕೊನೆಯಲ್ಲಿ ಹಗರಿಬೊಮ್ಮನಹಳ್ಳಿಯಲ್ಲಿ ಆಯಸ್ಕಾಂತ ಚಿಕಿತ್ಸೆಯ ಶಿಬಿರ ನಡೆದಾಗ ಅವ್ವನನ್ನು ಯಾರೂ ಒಪ್ಪಿಸಬೇಕಾಗಲಿಲ್ಲ. ಶಿಬಿರದವನು ಅಕ್ಕನ ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಒಳಗೆ ಹಣೆಯ ಬೊಟ್ಟಿನಷ್ಟು ಚಿಕ್ಕ ಆಯಸ್ಕಾಂತಗಳನ್ನಿಟ್ಟು ಪಟ್ಟಿ ಅಂಟಿಸಿದ. ಈ ಬಿಂದುಗಳಿಂದ ಮೆದುಳಿಗೆ ನೇರ ದಾರಿ ಇದೆ, ಮೆದುಳಿನ ಗದ್ದಲ ಇಲ್ಲಿಂದಲೇ ಅಡಗುತ್ತದೆ, ಅವಳು ದಿನಾ ನುಂಗುವ ಮೂರ್ಛೆಯ ಗುಳಿಗೆ ಇನ್ನು ಬೇಡ ಎಂದ.

“ಕೀಲಿಕೈಗೇ ನಿಲ್ಲೋದು, ಕಬ್ಬಿಣಾನ ಎಳಿಯೋ ಕಲ್ಲಿಗೆ ನಿಲ್ಲಂಗಿಲ್ಲೇನು?” ಎಂದಳು ಅವ್ವ.

ಗುಳಿಗೆ ಬಿಡಲು ಅಕ್ಕನಿಗೂ ಒಂದು ನೆಪ ಬೇಕಿತ್ತು. ಗುಳಿಗೆಯಿಂದ ಒಸಡು ಊದಿ, ನಗುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು ಪಾಪ. ಅಂದೇ ಗುಳಿಗೆ ಬಿಟ್ಟಳು. ಹಿಂದೊಮ್ಮೆ ಮೂರೇ ದಿನ ಗುಳಿಗೆ ತಪ್ಪಿದ್ದಕ್ಕೆ ಅವಳು ಉರಿಯುವ ಒಲೆಯ ಮೇಲೆ ಬಿದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಅದನ್ನು ಅವ್ವನಿಗೆ ಹೇಳಿದರೆ, ನಿನ್ನ ಬಾಯಲ್ಲಿ ಒಳ್ಳೆಯದು ಬರುವುದೇ ಇಲ್ಲ ಎಂದು ಬೈಸಿಕೊಂಡೆ. ಡಾಕ್ಟರ ಹಳೆಯ ಚೀಟಿ ತೋರಿಸಿ ಯಾರಿಗೂ ತಿಳಿಯದಂತೆ ಗುಳಿಗೆ ತಂದು, ಕುಟ್ಟಿ, ಅವಳ ಗುರೆಳ್ಳು ಚಟ್ನಿಯಲ್ಲಿ ಬೆರೆಸಿ, ಮೇಲೆ ಮೊಸರು ಹಾಕಿ ರೊಟ್ಟಿಯ ಜೊತೆ ಕೊಡತೊಡಗಿದೆ. ಅವಳು ತುತ್ತು ಬಾಯಿಗಿಟ್ಟಾಗಲೆಲ್ಲ ಅವಳ ಮುಖವನ್ನೇ ನೋಡುತ್ತಿದ್ದೆ. ಕಹಿ ಗೊತ್ತಾದರೆ ಏನು ಗತಿ? ಅರ್ಧ ಚಟ್ನಿ ಬಿಟ್ಟು ಎದ್ದರೆ?

ಎರಡು ತಿಂಗಳು ಮೂರ್ಛೆಯಿಲ್ಲ. ಓಣಿಯೆಲ್ಲ ಆಯಸ್ಕಾಂತದ ಗುಣಗಾನ. ಗುಳಿಗೆ ಬಿಟ್ಟರೂ ಒಸಡು ಯಾಕೆ ಇಳಿಯುತ್ತಿಲ್ಲವೆಂದು ಅಕ್ಕ ಕನ್ನಡಿಯ ಮುಂದೆ ನಿಂತು ನನ್ನನ್ನೇ ಕೇಳುತ್ತಿದ್ದಳು. ನಾನು ಚಟ್ನಿ ತರಲು ಒಳಗೆ ಹೋಗುತ್ತಿದ್ದೆ. ಅಷ್ಟರಲ್ಲಿ ಹರಪನಹಳ್ಳಿಯ ಗಂಡಿನವರು ಬಂದು ಒಪ್ಪಿಕೊಂಡು ಹೋದರು. ಅಲ್ಲಿ ಇವಳ ಚಟ್ನಿಗೆ ಗುಳಿಗೆ ಬೆರೆಸುವವರು ಯಾರು?

ಮೂರ್ಛೆ ನಿಂತದ್ದು ನಿಜವೆಂದು ಗಂಡಿನವರಿಗೆ ತೋರಿಸಲು ದಾವಣಗೆರೆಯ ಆಸ್ಪತ್ರೆಯಲ್ಲಿ ಅಕ್ಕನ ತಲೆಗೆ ತಂತಿ ಅಂಟಿಸಿ ಮೆದುಳಿನ ಇ.ಇ.ಜಿ. ಗೆರೆ ತೆಗೆಸಿದೆವು. ಗೆರೆಗಳು ಶಾಂತವಾಗಿದ್ದವು. ಯಾವ ಗುಳಿಗೆ ನಡೆದಿದೆ ಎಂದು ಡಾಕ್ಟರು ಕೇಳಿದರು. ಅಕ್ಕ ಕೈ ಚಾಚಿ ಪಟ್ಟಿ ತೋರಿಸಿ, ಗುಳಿಗೆ ಬಿಟ್ಟು ಎರಡು ತಿಂಗಳಾಯಿತೆಂದಳು. ಡಾಕ್ಟರು ಹುಬ್ಬೇರಿಸಿ, ಹಾಗಿದ್ದರೆ ಬಿಟ್ಟೇ ನೋಡೋಣ ಎಂದು ಬರೆಯಲು ಪೆನ್ನು ತೆಗೆದರು.

“ಬಿಟ್ಟಿಲ್ರಿ,” ಎಂದೆ. “ನಾನ ದಿನಾ ಚಟ್ನಿಯಾಗ ಕಲಸಿ ತಿನಿಸೇನ್ರಿ.”

ಡಾಕ್ಟರು ಪೆನ್ನು ಕೆಳಗಿಟ್ಟರು. ಅವ್ವ ತಲೆ ಎತ್ತಲಿಲ್ಲ. ಅಕ್ಕ ನನ್ನನ್ನೇ ನೋಡುತ್ತ ನಿಧಾನಕ್ಕೆ ಸೆರಗನ್ನು ಬಾಯಿಗೆ ತಂದುಕೊಂಡಳು.

ವಿಷಯ ತಿಳಿದ ಗಂಡಿನವರು ಮತ್ತೆ ಬರಲಿಲ್ಲ. ಅಂದಿನಿಂದ ಅಕ್ಕ ಗುಳಿಗೆಯನ್ನು ತಾನೇ ಎಣಿಸಿಕೊಂಡು ತಪ್ಪದೆ ನುಂಗುತ್ತಾಳೆ. ನಾನು ಬಡಿಸಿದರೆ ಮಾತ್ರ ಉಣ್ಣುವುದಿಲ್ಲ.