ಪಂಗ್ತಿ ಎದ್ದ ಮೇಲೆಯೇ ನಾಟಕ

ಭಾತಂಬ್ರಾ ಊರು ಇನ್ನೂ ಕಣ್ಣು ಬಿಟ್ಟಿಲ್ಲ. ಸುಶೀಲಕುಮಾರ ಮಾತ್ರ ಆಗಲೇ ಗೂಟ ಹೊಡೆಯುತ್ತಿದ್ದಾರೆ. ಅಕ್ಕನ ಮನೆ ಮುಂದಿನ ಬಯಲಲ್ಲಿ ಶಾಮಿಯಾನದ ಬಟ್ಟೆ ಹರಡಿಕೊಂಡಿದೆ. ಮೂವರು ಆಳುಗಳು ಹಗ್ಗ ಹಿಡಿದು ಅವರ ಮುಖವನ್ನೇ ನೋಡುತ್ತಿದ್ದಾರೆ. "ಜರಾ ಎಳೀರಿ. ಹಾಂ, ಬರೋಬ್ಬರಿ. ಸಾಕು." ಕಂಬ ಎದ್ದು ನಿಲ್ಲುತ್ತದೆ. ಇಪ್ಪತ್ತು ವರ್ಷದಿಂದ ಭಾಲ್ಕಿಯ ಟೆಂಟ್ ಹೌಸಿನಲ್ಲಿ ದುಡಿಯುವ ಕೈಗೆ ಇದು ಹೊಸದಲ್ಲ. ಹೊಸದೆಂದರೆ ವೇದಿಕೆಯ ಅಳತೆ. ಮದುಮಕ್ಕಳಿಗೆ ಎರಡು ಕುರ್ಚಿಯ ಜಾಗ ಸಾಕು, ಇಲ್ಲಿ ಎತ್ತಿನ ಬಂಡಿಯನ್ನೇ ತಿರುಗಿಸಬಹುದು.

ಹಾಲು ತರಲು ಹೊರಟ ಪಂಢರಿ ಕಾಕಾ ನಿಂತು ಕೇಳುತ್ತಾರೆ. "ಏನೋ ಸುಶೀಲ, ಮದುಮಕ್ಕಳು ಇದರ ಮ್ಯಾಲ ಓಡ್ತಾರೇನು?"

"ಇಲ್ರಿ ಕಾಕಾ. ಸಂಜಿಕ ಇಲ್ಲಿ ಒಂದು ಬಾವಿ ಕೂಡ್ತದ."

ಕಾಕಾ ಮುಂದೆ ಹೋದರು, ತಿರುಗಿ ತಿರುಗಿ ನೋಡುತ್ತಲೇ. ಅವರದೇನೂ ತಪ್ಪಿಲ್ಲ. ಇವತ್ತು ಮಧ್ಯಾಹ್ನ ಇದೇ ಮಂಟಪದಲ್ಲಿ ಸುಶೀಲಕುಮಾರರ ಅಕ್ಕನ ಹಿರಿ ಮಗಳು ಪ್ರಣಿತಾಳ ಲಗ್ನ. ಸಂಜೆ ಬೇಸಿಗೆ ರಂಗ ಶಿಬಿರದ ಮಕ್ಕಳ ನಾಟಕ. ಎರಡರ ನಡುವೆ ಊಟ. ಇವರ ಎದೆ ಹೊಡೆದುಕೊಳ್ಳುತ್ತಿರುವುದು ಲಗ್ನಕ್ಕಲ್ಲ, ನಾಟಕಕ್ಕೂ ಅಲ್ಲ, ಆ ಊಟಕ್ಕೆ.

ನಲವತ್ತೈದರ ಆಸುಪಾಸಿನ ಈ ಮನುಷ್ಯ ರಂಗದ ಮೇಲೆ ಒಂದು ಮಾತೂ ಆಡಿದವರಲ್ಲ. ಹನ್ನೆರಡು ವರ್ಷದ ಹಿಂದೆ ಪ್ರೌಢಶಾಲೆಯ ಮಾಸ್ತರ ಸಂತೋಷಕುಮಾರ ಶಿಬಿರದ ನಾಟಕಕ್ಕೆಂದು ಶಾಮಿಯಾನ ಹೇಳಿದ್ದರು. ಇವರು ಕಟ್ಟಲು ಹೋದಾಗ ಮಾಸ್ತರು ತಲೆಯ ಮೇಲೆ ಕೈಹೊತ್ತು ಕೂತಿದ್ದಾರೆ. ರಾಜ ಇಲ್ಲ, ಮಂತ್ರಿ ಇಲ್ಲ, ಸೈನಿಕರೂ ಇಲ್ಲ. ಎಲ್ಲರೂ ಸೋದರಮಾವನ ಲಗ್ನಕ್ಕೆ ಹೋಗಿದ್ದಾರೆ. ಆ ಲಗ್ನದ ಪೆಂಡಾಲನ್ನು ಹಿಂದಿನ ದಿನ ಕಟ್ಟಿ ಬಂದವರು ಇದೇ ಸುಶೀಲಕುಮಾರ.

"ನನಗ ಮೊದಲ ಕೇಳಿದ್ರ ಹೇಳ್ತಿದ್ನಲ್ರಿ ಸರ್, ಯಾರ ಮನ್ಯಾಗ ಯಾವಾಗ ಲಗ್ನ ಅಂತ," ಅಂದರಂತೆ. ಮರುವರ್ಷದಿಂದ ಶಿಬಿರದ ದಿನ ಗೊತ್ತು ಮಾಡುವುದು, ಶಾಲೆಯ ಕೀಲಿ ತರುವುದು, ಔರಾದಿನಿಂದ, ಬೀದರಿನ ಚಿದ್ರಿಯಿಂದ ಮಕ್ಕಳನ್ನು ಕರೆತರುವುದು, ಅಡುಗೆ, ಚಾಪೆ, ತಾಯಂದಿರ ತಕರಾರು, ಎಲ್ಲವೂ ಇವರ ಕೊರಳಿಗೆ ಬಿತ್ತು. ಟೆಂಟ್ ಹೌಸಿನ ಮಾಲಕ ಅಬ್ದುಲ ಸಮದ ಪ್ರತಿ ಬೇಸಿಗೆಯಲ್ಲೂ ಗೊಣಗುತ್ತಾರೆ, ಪ್ರತಿ ಬೇಸಿಗೆಯಲ್ಲೂ ರಜೆ ಕೊಡುತ್ತಾರೆ, ಮೇಲೆ ಪರದೆಯ ಬಟ್ಟೆಯನ್ನೂ ಕೊಡುತ್ತಾರೆ.

ಪಾತ್ರ ಹಂಚುವುದರಲ್ಲಿ ಇವರದೊಂದು ಪದ್ಧತಿ ಇದೆ. ಅದನ್ನು ನಾಟಕದ ಯಾವ ಶಾಲೆಯಲ್ಲೂ ಕಲಿಸಲಿಕ್ಕಿಲ್ಲ. ಒಂದು ಪಾತ್ರಕ್ಕೆ ಇಬ್ಬರು ಮಕ್ಕಳು. ಆ ಇಬ್ಬರು ಎಂದೂ ಒಂದೇ ಲಗ್ನಕ್ಕೆ ಹೋಗುವವರಾಗಿರಬಾರದು. ಔರಾದಿನ ಲಿಂಗಾಯತರ ಹುಡುಗ ರಾಜನಾದರೆ, ಅವನ ಜೋಡಿ ಚಿದ್ರಿಯ ಅರ್ಫಾತ. ಒಬ್ಬ ಬೂಂದಿ ತಿನ್ನಲು ಹೋದರೆ ಇನ್ನೊಬ್ಬ ಕಿರೀಟ ಹಾಕಿಕೊಳ್ಳುತ್ತಾನೆ. ಜೋಡಿ ಹಾಕಿದ ಮಕ್ಕಳು ಮಾತು ಕಲಿಯಲು ಒಬ್ಬರ ಮನೆಗೊಬ್ಬರು ಹೋಗುತ್ತಾರೆ, ಹೋದವರು ಉಂಡೂ ಬರುತ್ತಾರೆ. ಅದು ಲೆಕ್ಕದಲ್ಲಿ ಇರಲಿಲ್ಲ, ತಾನಾಗಿ ಆದದ್ದು.

ಈ ವರ್ಷ ಬೇಸಿಗೆಯಲ್ಲೇ ಅಧಿಕ ಮಾಸ ಬಂತು. ಅಧಿಕ ಮಾಸದಲ್ಲಿ ಲಗ್ನ ಆಗುವುದಿಲ್ಲ, ಪೆಂಡಾಲುಗಳು ಗೋದಾಮಿನಲ್ಲಿ ಮಲಗುತ್ತವೆ. ಸುಶೀಲಕುಮಾರ ಹಿಗ್ಗಿ ಹೀರೇಕಾಯಿಯಾದರು. ಪಂಚಾಂಗ ನೋಡಿ ಶಿಬಿರವನ್ನು ಆ ಮಾಸಕ್ಕೆ ತಂದಿಟ್ಟರು. ಮಕ್ಕಳು ಎಲ್ಲೂ ಹೋಗುವುದಿಲ್ಲ ಅಂದಮೇಲೆ ಜೋಡಿ ಯಾಕೆಂದು ಅದನ್ನೂ ಕೈಬಿಟ್ಟರು. ಒಂದು ಪಾತ್ರ, ಒಂದು ಮಗು. ಕಡೆಯ ದಿನಕ್ಕೆ ಬೀದರಿನಲ್ಲಿ ಸಭಾಂಗಣ ಗೊತ್ತಾಯಿತು, ಕರಪತ್ರವೂ ಅಚ್ಚಾಯಿತು.

ಕರಪತ್ರ ಓದಿದವಳು ಪ್ರಣಾಲಿ, ಅಕ್ಕನ ಕಿರಿ ಮಗಳು, ಒಂಬತ್ತನೆಯ ತರಗತಿ. ನಾಟಕದಲ್ಲಿ ಊರಿನ ಹಳೆಯ ಬಾವಿ ಅವಳು. ಎಲ್ಲರೂ ಬಂದು ಬಾವಿಯ ಹತ್ತಿರ ಗುಟ್ಟು ಹೇಳುತ್ತಾರೆ, ಬಾವಿ ತಿರುಗಿ ಮಾತಾಡುತ್ತದೆ. ಮೊದಲಿಂದ ಕೊನೆಯತನಕ ರಂಗದ ನಡುವೆ ಕೂತಿರಬೇಕಾದ ಪಾತ್ರ.

"ಮಾಮಾ, ಅವತ್ತ ಅಕ್ಕಂದು ಲಗ್ನ ಅದ ಅಲ್ಲ?"

ಸುಶೀಲಕುಮಾರರದು ಬೌದ್ಧ ಕುಟುಂಬ. ಅವರಲ್ಲಿ ಮುಹೂರ್ತ ನೋಡುವುದಿಲ್ಲ. ಉದಗೀರದ ವರನಿಗೆ ರಜೆ ಸಿಕ್ಕ ದಿನವೇ ಲಗ್ನದ ದಿನ. ಆ ಮಾತುಕತೆಯಲ್ಲಿ ಸೋದರಮಾವನಾಗಿ ಮುಂದೆ ಕೂತು ಗೋಣು ಹಾಕಿದವರೂ ಇವರೇ. "ಲಗ್ನ ತಾರೀಖಿನ ಲೆಕ್ಕದಾಗ ತಲ್ಯಾಗ ಇತ್ರಿ, ಶಿಬಿರ ತಿಥಿ ಲೆಕ್ಕದಾಗ ಇತ್ತು. ಎರಡೂ ಒಂದೇ ದಿನ ಅಂತ ನನ್ನ ತಲಿಗಿ ಹೊಳೀಲೇ ಇಲ್ಲ." ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಮಜ್ಜಿಗೆ ಗಡಿಗೆಯಲ್ಲಿ ಬಿತ್ತಂತೆ. ಸಂತೋಷಕುಮಾರ ಮಾಸ್ತರು ಈಗಲೂ ಈ ಮಾತು ಹೇಳಿ ನಗುತ್ತಾರೆ. ಅವತ್ತು ನಕ್ಕಿರಲಿಲ್ಲ. ಬೇರೆ ದಿನಕ್ಕೆ ಸಭಾಂಗಣ ಸಿಗುವಂತಿರಲಿಲ್ಲ, ಬಾವಿಯನ್ನು ಬಿಟ್ಟು ನಾಟಕವೂ ಇರಲಿಲ್ಲ.

ಅಕ್ಕ ಸುಭದ್ರಾಬಾಯಿಗೆ ಹೇಳಲು ಎರಡು ದಿನ ಧೈರ್ಯ ಬರಲಿಲ್ಲ. ಹೇಳಿದಾಗ ಆಕೆ ಅಕ್ಕಿ ಆರಿಸುವುದನ್ನೂ ನಿಲ್ಲಿಸಲಿಲ್ಲ. "ಪೆಂಡಾಲ ನಿಂದೇ, ಮೈಕೂ ನಿಂದೇ. ಇಲ್ಲೇ ಆಡ್ಸು. ಆದ್ರ ಒಂದು ಮಾತು. ನಂದು ಲಗ್ನದ ಮನಿ. ನಾಟಕಕ್ಕ ಬಂದವರು ಪಂಗ್ತಿಗಿ ಕುಂತು ಉಣಬೇಕು. ಅವರು ಉಂಡು ಎದ್ದ ಮ್ಯಾಲೇ ನಿನ್ನ ಪರದಿ ಏಳಬೇಕು."

ಕೇಳಲು ಸಣ್ಣ ಮಾತು. ಆದರೆ ಅಜ್ಜನ ಕಾಲದಲ್ಲಿ ಊರ ಮಂದಿ ಈ ಓಣಿಯಲ್ಲಿ ನೀರೂ ಕುಡಿಯುತ್ತಿರಲಿಲ್ಲ. ಈಗ ಹಾಗಿಲ್ಲ, ಮಕ್ಕಳು ಓದಿದ್ದಾರೆ, ನೌಕರಿಯಲ್ಲಿದ್ದಾರೆ, ಚಹಾ ನಡೆಯುತ್ತದೆ. ಪಂಗ್ತಿಯ ಮಾತು ಬಂದರೆ ಮಾತ್ರ ಕೆಲವರಿಗೆ ಬೇರೆ ಕೆಲಸ ನೆನಪಾಗುತ್ತದೆ. "ಹುಡುಗರು ಶಿಬಿರದಾಗ ಒಂದೇ ಗಂಗಾಳದಾಗ ಉಣ್ತಾವ್ರಿ. ಅವರದು ಫಿಕರ್ ಇಲ್ಲ. ಹಡದವರದೇ ಫಿಕರ್," ಎನ್ನುತ್ತಾರೆ ಸುಶೀಲಕುಮಾರ. ಅವರು ಉಣ್ಣದೆ ಹೋದರೆ ನಾಟಕವೊಂದೇ ನಿಲ್ಲುವುದಿಲ್ಲ, ಲಗ್ನದ ದಿನವೇ ಅಕ್ಕನ ಅಂಗಳಕ್ಕೆ ಅವಮಾನ.

ಮನೆಮನೆಗೆ ಹೋಗಿ, ಊಟದ ಮಾತನ್ನೂ ಮುಚ್ಚಿಡದೆ ಹೇಳಿ ಬಂದರು. ಔರಾದಿನ ಹಾವಗೆಪ್ಪನವರ ಕಿರಾಣಿ ಅಂಗಡಿಯಲ್ಲಿ ಬಹಳ ಹೊತ್ತು ನಿಂತರು. ಹಾವಗೆಪ್ಪ ಬಸವಣ್ಣನವರ ಭಕ್ತರು, ದಿನಾ ಬೆಳಗ್ಗೆ ವಚನ ಓದಿಯೇ ಅಂಗಡಿಯ ಬಾಗಿಲು ತೆರೆಯುವವರು. ಅವರ ಮಗಳು ಉಮಾಶ್ರೀ ಕೊಡ ಹಿಡಿದು ಬಾವಿಗೆ ಬರುವ ಹುಡುಗಿ. ಅವಳು ಬರದಿದ್ದರೆ ಬಾವಿ ಯಾರ ಜೊತೆ ಮಾತಾಡಬೇಕು? ಹಾವಗೆಪ್ಪ ತಕ್ಕಡಿ ನೋಡುತ್ತಾ ಅಂದದ್ದು ಒಂದೇ ಮಾತು. "ನೋಡೂಣು."

ನಮ್ಮ ಕಡೆ "ಇಲ್ಲ" ಅಂದವರು ಒಮ್ಮೊಮ್ಮೆ ಬರುತ್ತಾರೆ. "ನೋಡೋಣ" ಅಂದವರನ್ನು ನಂಬುವುದು ಕಷ್ಟ.

ಈಗ ಮಧ್ಯಾಹ್ನ. ಬುದ್ಧನ, ಬಾಬಾಸಾಹೇಬರ ಚಿತ್ರಗಳ ಮುಂದೆ ಮೇಣದ ಬತ್ತಿ ಉರಿಯುತ್ತಿವೆ. ಬಿಳಿ ಸೀರೆಯುಟ್ಟ ಪ್ರಣಿತಾ ವರನಿಗೆ ಹಾರ ಹಾಕಿದ್ದಾಳೆ. ಸೋದರಮಾವ ಅಲ್ಲೇ ನಿಂತಿದ್ದಾರೆ, ಕಣ್ಣು ಮಾತ್ರ ರಸ್ತೆಯ ಕಡೆ. ಬಿಸಿಲು ಇಳಿಯುವ ಹೊತ್ತಿಗೆ ಬೀದರಿನ ಬಸ್ಸು ಬರುತ್ತದೆ. ಅರ್ಫಾತನ ತಂದೆ ಇಳಿದವರೇ "ಹಸಿವು ತಡೆಯಲ್ಲಾ ಭಾಯಿ" ಅನ್ನುತ್ತಾರೆ. ಭಾಲ್ಕಿಯವರೂ ಬರುತ್ತಾರೆ. ಎರಡು ಮನೆಯವರು ಬಂದಿಲ್ಲ, ಮಕ್ಕಳನ್ನೂ ಕಳಿಸಿಲ್ಲ. ಮಾಸ್ತರು ಎರಡು ಕಾಗೆಗಳ ಪಾತ್ರ ಹೊಡೆದು ಹಾಕುತ್ತಾರೆ.

ಔರಾದಿನ ಕ್ರೂಸರ್ ಗಾಡಿ ಎಲ್ಲಕ್ಕಿಂತ ಕೊನೆಗೆ ಬಂದು ನಿಂತಿತು. ಮೊದಲು ಉಮಾಶ್ರೀ ಹಾರಿದಳು, ಹಿಂದೆ ಹಾವಗೆಪ್ಪ ಇಳಿದರು. ಮಗಳು ಬಣ್ಣ ಹಚ್ಚಿಕೊಳ್ಳಲು ಓಡಿದಳು. ತಂದೆ ಪೆಂಡಾಲಿನ ಅಂಚಿನ ಕುರ್ಚಿಯಲ್ಲಿ ಕೂತರು. ಪಂಗ್ತಿ ಹಾಸಿದ್ದಾರೆ, ಎಲೆ ಬಿದ್ದಿವೆ, ಜನ ಕೂಡುತ್ತಿದ್ದಾರೆ. ಇವರು ಏಳಲಿಲ್ಲ. ಸುಶೀಲಕುಮಾರರೂ ಕರೆಯಲಿಲ್ಲ. ಕರೆದು ಅವರು ಒಲ್ಲೆ ಅಂದರೆ ಆ ಮಾತನ್ನು ಅಕ್ಕ ಕೇಳಬೇಕಾಗುತ್ತದಲ್ಲ.

ಕರೆದವರು ಸುಭದ್ರಾಬಾಯಿಯೇ. ನೀರಿನ ತಂಬಿಗೆ ಹಿಡಿದು ಎದುರು ನಿಂತರು. "ಅಣ್ಣಾ, ಕೈ ತೊಳೀರಿ. ಹುಡುಗರು ಬಣ್ಣ ಹಚ್ಕೊಂಡು ಕಾಯ್ಲಾಕತ್ಯಾವ."

ಹಾವಗೆಪ್ಪ ತಂಬಿಗೆಯನ್ನು ನೋಡಿದರು. ಟೊಪ್ಪಿಗೆ ತೆಗೆದು ಜೇಬಿನಲ್ಲಿಟ್ಟುಕೊಂಡರು. ಕೈ ತೊಳೆದು ಹೋಗಿ ಅರ್ಫಾತನ ತಂದೆಯ ಪಕ್ಕದ ಎಲೆಗೆ ಕೂತರು. ಎರಡನೆಯ ಸಲ ಸಾರು ಕೇಳಿ ಹಾಕಿಸಿಕೊಂಡರು.

ಅಷ್ಟು ಹೊತ್ತು ಯಾಕೆ ಕೂತಿದ್ದಿರಿ ಎಂದು ಆಮೇಲೆ ಕೇಳಿದರೆ ಅವರು ಮರೆಮಾಚಲಿಲ್ಲ. "ಸುಳ್ಳ ಯಾಕ ಹೇಳ್ಲರಿ, ಮನಸಿನಾಗ ಎಳೆದಾಟ ಇತ್ತು. ಓದೂದು ಬ್ಯಾರಿ, ಪಂಗ್ತಿಗಿ ಕೂಡೂದು ಬ್ಯಾರಿ. ಇಷ್ಟು ವರ್ಷ ಬರೇ ಓದೀನಿ."

ಪಂಗ್ತಿ ಎದ್ದಿತು, ಪರದೆಯೂ ಎದ್ದಿತು. ನೀಲಿ ಬಟ್ಟೆ ಹೊದ್ದ ಬಾವಿ ನಡುವೆ ಕೂತಿತ್ತು, ಕೊಡ ಹಿಡಿದ ಹುಡುಗಿ ಬಂದು ಅದರ ಕಿವಿಯಲ್ಲಿ ಏನೋ ಹೇಳಿದಳು. ಅಕ್ಕನ ಲಗ್ನದ ಅಳುವಿನಿಂದ ಪ್ರಣಾಲಿಯ ದನಿ ಕಟ್ಟಿತ್ತು. ಮಾಸ್ತರು ಎಷ್ಟು ಹೇಳಿದರೂ ಬರದಿದ್ದ ಬಾವಿಯ ದನಿ ಅವತ್ತು ತಾನಾಗಿ ಬಂದಿತ್ತು. ಮದುಮಕ್ಕಳು ಮುಂದಿನ ಸಾಲಿನಲ್ಲಿ ಕೂತು ನಾಟಕ ಮುಗಿಯುವ ತನಕ ಏಳಲಿಲ್ಲ.

ಎಲ್ಲ ಮುಗಿದು ಮಂದಿ ಕರಗಿದ ಮೇಲೆ ಸುಶೀಲಕುಮಾರ ಹಗ್ಗ ಸುತ್ತುತ್ತಾ ಕೂತಿದ್ದಾರೆ. ಮುಂದಿನ ವರ್ಷ ಜೋಡಿ ಪದ್ಧತಿ ಮತ್ತೆ ತರುತ್ತಾರಂತೆ, ಈ ಸಲದ ಬುದ್ಧಿ ಸಾಕಂತೆ. ನಾಟಕ ಹೇಗಾಯಿತು ಎಂದು ಕೇಳಿದರೆ ಸುತ್ತಿದ ಹಗ್ಗವನ್ನು ಪಕ್ಕಕ್ಕಿಡುತ್ತಾರೆ.

"ಚೆಂದ ಆತು ಅಂತಾರ್ರಿ ಎಲ್ಲರೂ. ನಾ ಪೂರಾ ನೋಡ್ಲಿಲ್ಲ. ಇಪ್ಪತ್ತು ವರ್ಷ ಮಂದಿ ಲಗ್ನದಾಗ ಪೆಂಡಾಲ ಕಟ್ಟೀನಿ, ಹಿಂದ ಒಲಿ ಬಾಜೂಕ ನಿಂತು ಉಂಡು ಬಂದೀನಿ. ಇವತ್ತ ಅವರು ನನ್ನ ಅಕ್ಕನ ಪೆಂಡಾಲದಾಗ ಕುಂತು ಉಂಡ್ರು. ನನ್ನ ಕೈಲೇ ಬಡಸೀನ್ರಿ."