ದೊಡ್ಡಮ್ಮನ ಮೊಸಳೆ

"ಹೊಳೆಗೆ ಇಳೀಬ್ಯಾಡ್ರೋ, ಮೊಸಳೆ ಐತೆ!" ಹೊನ್ನಾಳಿಯಲ್ಲಿ ನಮ್ಮ ದೊಡ್ಡಮ್ಮ ನಮ್ಮನ್ನೆಲ್ಲ ಹೆದರಿಸಿ ಬೆಳೆಸಿದ್ದು ಹೀಗೆ. ಅವಳನ್ನು ಅವಳಮ್ಮ ಹೆದರಿಸಿದ್ದೂ ಹೀಗೇ ಅಂತೆ. ತಮಾಷೆಯೆಂದರೆ, ಎಪ್ಪತ್ತು ದಾಟಿದರೂ ಅವಳು ಒಂದೇ ಒಂದು ಮೊಸಳೆಯನ್ನು ಕಣ್ಣಾರೆ ಕಂಡಿರಲಿಲ್ಲ. ಹೋದ ಚಳಿಗಾಲದಲ್ಲಿ ನಾನೂ ನನ್ನ ಹೆಂಡತಿಯೂ ಪುರಿಗೆ ಹೊರಟಾಗ, ಅಲ್ಲಿಂದ ಮುಂದೆ ಕಡಲಂಚಿನಲ್ಲಿ ಒಂದು ರಾಷ್ಟ್ರೀಯ ಉದ್ಯಾನವಿದೆ, ಮೊಸಳೆಗಳು ಧಾರಾಳ ಎಂದು ಬಾಯಿಬಿಟ್ಟೆ. ದೊಡ್ಡಮ್ಮ ಚೀಲ ಹಿಡಿದು ನಿಂತೇಬಿಟ್ಟಳು.

"ದೇವರನ್ನ ನೀವು ನೋಡ್ರಿ. ನನಗೆ ಮೊಸಳೆ ತೋರಿಸಿದ್ರೆ ಸಾಕು."

ಪುರಿ ಮುಗಿಸಿ, ಆ ಉದ್ಯಾನದಲ್ಲಿ ಬೆಳಗಿನ ದೋಣಿ ಹತ್ತಿದೆವು. ಉಪ್ಪುನೀರಿನಲ್ಲೇ ಬೇರುಬಿಟ್ಟ ಕಾಂಡ್ಲಾ ಕಾಡಿನ ನಡುವೆ ಮೆಲ್ಲಗೆ ಸಾಗುವಾಗ ಜಿಂಕೆ ಕಂಡವು, ಮಿಂಚುಳ್ಳಿ ಕಂಡವು. ದೊಡ್ಡಮ್ಮ ಕ್ಯಾರೇ ಅನ್ನಲಿಲ್ಲ. ಬಿಸಿಲೇರಿದ ಮೇಲೆ ಮೊಸಳೆಗಳು ದಡಕ್ಕೆ ಬರುತ್ತವೆ ಎಂದು ದೋಣಿಯವನು ಹಿಂದಿಯಲ್ಲಿ ಹೇಳಿದ.

"ಹಂಗಾದ್ರೆ ಅಷ್ಟರಾಗೆ ಪೂಜೆ ಮುಗಿಸ್ತೀನಿ," ಎಂದಳು. ದೋಣಿಗೆ ಹೊತ್ತಾಯಿತೆಂದು ಸ್ನಾನ ಮುಗಿಸಿ ಹಾಗೇ ಬಂದಿದ್ದಳು. ಲಿಂಗಪೂಜೆಯಾಗದೆ ಹನಿ ಚಹಾ ಕುಡಿಯುವವಳಲ್ಲ. ವಿಭೂತಿ ಹಚ್ಚಿಕೊಂಡು, ಕೊರಳ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಅದರಲ್ಲೇ ದೃಷ್ಟಿ ನೆಟ್ಟಳು.

ಆಗಲೇ ಬರಬೇಕೆ! ಎತ್ತಿನ ಗಾಡಿಯಷ್ಟು ಉದ್ದದ ಮೊಸಳೆ ಕೆಸರಿನ ದಡಕ್ಕೆ ಹತ್ತಿ ಬಾಯಿ ತೆರೆದು ಮಲಗಿತು. ದೋಣಿಯವನು ಇಂಜಿನ್ ಆರಿಸಿದ. ಹೆಂಡತಿ ನನ್ನನ್ನು ತಿವಿದಳು. ದೊಡ್ಡಮ್ಮನ ಭುಜದವರೆಗೆ ಕೈ ಚಾಚಿದೆ, ಮತ್ತೆ ಹಿಂದಕ್ಕೆಳೆದುಕೊಂಡೆ. ಪೂಜೆಗೆ ಕೂತವರನ್ನು ಮನೆಗೆ ಬೆಂಕಿ ಬಿದ್ದರೂ ಮಾತಾಡಿಸಬಾರದು ಎನ್ನುವುದು ಅವಳೇ ಮಾಡಿದ ಕಾನೂನು. ಇನ್ನು ಸ್ವಲ್ಪ ಹೊತ್ತು ಇರಪ್ಪಾ ಎಂದು ಮೊಸಳೆಗೇ ಮನಸ್ಸಿನಲ್ಲಿ ಕೈಮುಗಿದೆ. ಅದು ಸದ್ದಿಲ್ಲದೆ ನೀರಿಗೆ ಜಾರಿತು.

ದೊಡ್ಡಮ್ಮ ತೀರ್ಥ ತೆಗೆದುಕೊಂಡು ತಲೆಯೆತ್ತಿದಳು. "ಬಂತೇನೋ?"

"ಬಂದು ಹೋಯ್ತು, ದೊಡ್ಡಮ್ಮ."

ಕೆಸರಿನ ಮೇಲಿನ ಗುರುತನ್ನೇ ನೋಡುತ್ತ ಕೂತಳು. ಕಡಲುಬ್ಬರದ ನೀರೇರಿ ದಡಗಳೆಲ್ಲ ಮುಳುಗುತ್ತಿದ್ದವು. ಇವತ್ತಿಗೆ ಇನ್ನು ಕಾಣಲಿಕ್ಕಿಲ್ಲ ಎಂದ ದೋಣಿಯವನು. ರಾತ್ರಿಗೆ ನಮ್ಮ ರೈಲಿತ್ತು. ನನಗೆ ಅಳು ಬರುವಷ್ಟು ಬೇಸರವಾಯಿತು.

"ಕರಿಯಾಕೆ ಏನಾಗಿತ್ತೋ ನಿನಗೆ?"

"ನೀನು ಪೂಜೆಗೆ ಕೂತಿದ್ದೆಯಲ್ಲ..."

"ಶಿವ ನನ್ನ ಅಂಗೈಯಾಗೇ ಇರ್ತಾನೆ, ಎಲ್ಲಿಗೂ ಹೋಗಲ್ಲ ಕಣೋ," ಎಂದಳು. "ಮೊಸಳೆ ಹೋತಲ್ಲ!"