ಕದಿರಮ್ಮನ ಅನುಮಾನ

ನಮ್ಮ ತಂದೆಯ ತಾಯಿ ಕದಿರಮ್ಮ ಯಾರನ್ನೂ ಸುಲಭವಾಗಿ ನಂಬುವವಳಲ್ಲ. ತರಕಾರಿಯವನು ತೂಗಿಕೊಟ್ಟದ್ದನ್ನು ತನ್ನ ಕೈಯಲ್ಲಿ ಮತ್ತೊಮ್ಮೆ ತೂಗಿ ನೋಡುವಳು. ದಾರಿಯಲ್ಲಿ ಯಾರಾದರೂ ಸುಮ್ಮನೆ ನಕ್ಕರೆ "ಯಾಕೆ ನಕ್ಕ ಅವ್ನು?" ಎಂದು ಸಂಜೆಯವರೆಗೂ ಕೇಳುವಳು. ಅದು ಅವಳ ಹುಟ್ಟುಗುಣವಲ್ಲ, ಕೋಲಾರದ ಚಿನ್ನದ ಗಣಿಯ ಊರಿಗಾಮಿಗೆ ಬಂದ ಮೇಲೆ ಅಂಟಿಕೊಂಡದ್ದು ಎಂದು ಅಪ್ಪ ಹೇಳುತ್ತಿದ್ದರು.

ಅವಳು ಬಂದಾಗ ಊರು ಇನ್ನೂ ಊರಾಗಿರಲಿಲ್ಲ. ಬಿದಿರುತಟ್ಟಿಯ ಗುಡಿಸಲುಗಳ ಸಾಲು, ಅಲ್ಲಲ್ಲಿ ಎದ್ದ ಕಲ್ಲುಪುಡಿಯ ಗುಡ್ಡೆ, ಹಗಲೂ ರಾತ್ರಿ ಕಲ್ಲು ಕುಟ್ಟುವ ಯಂತ್ರದ ಸದ್ದು. ನಮ್ಮ ಅಜ್ಜ ದೊಡ್ಡವೆಂಕಟಪ್ಪ ಕ್ಯಾಸಂಬಳ್ಳಿ ಕಡೆಯ ಒಕ್ಕಲು ಮನೆಯವನು. ಜೋಡಿ ಎತ್ತಿನ ಗಾಡಿಯಲ್ಲಿ ಗಣಿಯ ಬಾಯ್ಲರುಗಳಿಗೆ ಸೌದೆ ಹೊಡೆಯಲು ಬಂದು, ಹೆಂಡತಿಯನ್ನೂ ಕರೆತಂದು ಅಲ್ಲೇ ನಿಂತ. ಆ ಸಾಲಿನಲ್ಲಿ ಕನ್ನಡ ಆಡುವ ಮನೆ ಇವರದೊಂದೇ. ಪಕ್ಕದ ಗುಡಿಸಲಿನ ಆರುಮುಗಂ ಆರ್ಕಾಡಿನ ಕಡೆಯವನು, ಗಣಿಯೊಳಗೆ ಇಳಿದು ಬಂಡೆ ಕೊರೆಯುವವನು. ಅವನ ಹೆಂಡತಿ ಮಾರಿಯಮ್ಮ ನಮ್ಮಜ್ಜಿಗಿಂತ ಚಿಕ್ಕವಳು.

ಅಲ್ಲಿ ಒಬ್ಬರನ್ನೊಬ್ಬರು ನಂಬುವ ರೂಢಿಯೇ ಇರಲಿಲ್ಲ. ಎಲ್ಲರೂ ಎಲ್ಲಿಂದಲೋ ಬಂದವರು. ಚಿನ್ನದ ಕಲ್ಲು ಕದಿಯುತ್ತಾರೆಂದು ಕಾವಲುಗಾರರು ಗಣಿಯಿಂದ ಹೊರಬಂದವರ ರುಮಾಲು ಬಿಚ್ಚಿಸುತ್ತಿದ್ದರು, ಬಾಯಿ ತೆಗೆಸುತ್ತಿದ್ದರು. ಮೊಸರು ಮಾರಲು ಹೋಗುತ್ತಿದ್ದ ನಮ್ಮಜ್ಜಿಯ ಮಡಕೆಯೊಳಗೂ ಕಡ್ಡಿ ಆಡಿಸಿ ನೋಡಿದ್ದರಂತೆ. ಸಿಕ್ಕಿಬಿದ್ದವನಿಗೆ ಜೈಲು. ಅವನ ಹೆಂಡತಿ ಮಕ್ಕಳ ಪಾತ್ರೆಪಡಗ ಬೀದಿಗೆ.

ಬಂದ ಎರಡನೇ ವರ್ಷವೇ ಕದಿರಮ್ಮನ ತಮ್ಮ ಕೋದಂಡಪ್ಪ ಅಕ್ಕನನ್ನು ಹುಡುಕಿಕೊಂಡು ಬಂದು ಗಣಿಯ ಕೆಲಸಕ್ಕೆ ಸೇರಿದ. ಜನರನ್ನು ಇಳಿಸುವ ಕಬ್ಬಿಣದ ಗೂಡಿನ ಹಗ್ಗ ಒಂದು ದಿನ ಕಿತ್ತುಹೋಯಿತು. ಅವನ ಹೆಣವನ್ನು ಅವಳಿಗೆ ಬಿಚ್ಚಿ ತೋರಿಸಲಿಲ್ಲ.

"ಸೌದೆ ಒಡಿ, ಕಲ್ಲು ಒರು, ಏನಾದ್ರೂ ಮಾಡು. ಆ ಬಿಲದೊಳಕ್ಕೆ ಮಾತ್ರ ಇಳೀಬೇಡ," ಎಂದು ಅವಳು ಗಂಡನಿಂದ ದೀಪ ಮುಟ್ಟಿಸಿ ಆಣೆ ಹಾಕಿಸಿಕೊಂಡಳು. ಅಜ್ಜ ಮುಟ್ಟಿದ.

ಕೆಲವು ವರ್ಷಗಳ ಮೇಲೆ ಶಿವನಸಮುದ್ರದಿಂದ ಕರೆಂಟು ಬಂತು. ಬಾಯ್ಲರುಗಳು ಒಂದೊಂದಾಗಿ ತಣ್ಣಗಾದವು. ಸೌದೆ ಗಾಡಿಯವರು ಬಂದ ದಾರಿ ಹಿಡಿದು ಹಳ್ಳಿಗಳಿಗೆ ಹೋದರು. ಅಜ್ಜ ಮಾತ್ರ ಮೊದಲಿನಂತೆಯೇ ಬೆಳಿಗ್ಗೆ ಎದ್ದು ಹೊರಡುತ್ತಿದ್ದ, ವಾರಕ್ಕೊಮ್ಮೆ ಕೂಲಿ ತಂದು ಅವಳ ಕೈಗೆ ಕೊಡುತ್ತಿದ್ದ.

"ಎತ್ತೆಲ್ಲಿ?" ಎಂದರೆ, "ಮಾರಿಕುಪ್ಪದ ಕಡೆ ಮಣ್ಣು ಒಡೆಯೋ ಕೆಲಸ ಐತೆ. ಅಲ್ಲೇ ಕಟ್ಟಾಕಿದೀನಿ, ಮೇವು ಅಲ್ಲೇ ಸಿಕ್ತದೆ," ಎನ್ನುತ್ತಿದ್ದ.

ಅವಳಿಗೆ ಸಮಾಧಾನವಾಗಲಿಲ್ಲ. ಅವನ ಅಂಗಿಯಲ್ಲಿ ಎತ್ತಿನ ವಾಸನೆ ಇರಲಿಲ್ಲ. ಕರಗಿದ ಮೇಣದ ಕಮಟು ಇತ್ತು. ಕಿವಿಯ ಹಿಂದೆ ಎಷ್ಟು ತೊಳೆದರೂ ಬೂದುಬಣ್ಣದ ಧೂಳು. ಆರುಮುಗಂ, ಮಾರಿಯಮ್ಮ, ಇವನು ಮೂವರೂ ಬಾಗಿಲಲ್ಲಿ ನಿಂತು ತಮಿಳಿನಲ್ಲಿ ಪಿಸಪಿಸ ಎನ್ನುವರು, ಇವಳು ಹತ್ತಿರ ಹೋದರೆ ಮಾತು ನಿಂತುಹೋಗುವುದು.

"ಏನೇ ಅದು?" ಎಂದು ಮಾರಿಯಮ್ಮನನ್ನು ಹಿಡಿದು ಕೇಳಿದಳು.

"ಒಣ್ಣೂ ಇಲ್ಲ, ಏನೂ ಇಲ್ಲ ಅಕ್ಕಾ," ಎಂದ ಮಾರಿಯಮ್ಮ ಮುಖ ತಿರುಗಿಸಿ ನೀರಿಗೆ ಹೊರಟುಬಿಟ್ಟಳು.

ಬಂಗಾರಪೇಟೆಯನ್ನು ಆಗ ಬೌರಿಂಗ್‌ಪೇಟೆ ಎನ್ನುತ್ತಿದ್ದರು. ಅಲ್ಲಿಯ ಸಂತೆಗೆ ರೈಲಿನಲ್ಲಿ ಹೋಗಿದ್ದಾಗ ಓರಗಿತ್ತಿ ಅಕ್ಕಯ್ಯಮ್ಮ ಎದುರಾದಳು. ಇವಳು ಹಳ್ಳಿ ಬಿಟ್ಟದ್ದೇ ಆಕೆಯ ಜೊತೆ ಜಗಳವಾಗಿ. "ಸತ್ರೂ ಈ ಒಸ್ಲು ತುಳಿಯಾಕಿಲ್ಲ" ಎಂದು ಊರೆಲ್ಲ ಕೇಳುವಂತೆ ಕೂಗಿ ಬಂದಿದ್ದಳು.

"ಯಾಕಮ್ಮಿ, ಎತ್ತು ಮಾರ್ಕೊಂಡ್ಬಿಟ್ರಿ?" ಅಕ್ಕಯ್ಯಮ್ಮ ನಗುತ್ತ ಕೇಳಿದಳು. "ನಿಮ್ಮ ಕೆಂದೆತ್ತು ಸೊಣ್ಣಪ್ಪನ ಒಲದಾಗೆ ಉಳ್ತಾ ಇತ್ತು."

"ಅದಕ್ಕೆ ವಯಸ್ಸಾಗಿತ್ತು. ಬೇರೆ ಜೋಡಿ ತಂದಿದೀವಿ," ಎಂದು ಕದಿರಮ್ಮ ಮುಖ ಬಾಡಿಸದೆ ಹೇಳಿದಳು. ಹಿಂದಿರುಗುವ ರೈಲಿನಲ್ಲಿ ಲೆಕ್ಕ ಹಾಕಿದಳು. ಎತ್ತಿಲ್ಲ, ಗಾಡಿಯಿಲ್ಲ. ಹಾಗಾದರೆ ಕೂಲಿ ಎಲ್ಲಿಯದು?

ಮಾರನೇ ದಿನ ಅವನ ಪಂಚೆ ಒಗೆಯುವಾಗ ಸೊಂಟದ ಮಡಿಕೆಯಿಂದ ಬೂದುಪುಡಿ ಉದುರಿತು. ತಟ್ಟೆಗೆ ಹಾಕಿ ಬಿಸಿಲಿಗೆ ಹಿಡಿದಳು. ನಡುನಡುವೆ ಹಳದಿ ಚೂರುಗಳು ಮಿಣುಕಿದವು. ಆರುಮುಗಂ ಒಳಗಿಂದ ಕದ್ದು ತರುತ್ತಾನೆ, ತನ್ನ ಗಂಡ ಮಾರುತ್ತಾನೆ ಎಂದು ತೀರ್ಮಾನಿಸಿದಳು. ಆ ಪುಡಿಯನ್ನು ಬಚ್ಚಲಿಗೆ ಸುರಿದು ಕೊಡಗಟ್ಟಲೆ ನೀರು ಹೊಯ್ದಳು. ಗಂಡನನ್ನು ಮಾತ್ರ ಕೇಳಲಿಲ್ಲ. ಕೇಳಿದರೆ ಇನ್ನೊಂದು ಸುಳ್ಳು ಹೇಳುತ್ತಾನೆ ಎಂದೇ ಅವಳ ಎಣಿಕೆ.

ಒಂದು ಬೆಳಿಗ್ಗೆ ಮೊಸರಿನ ಮಡಕೆ ಹೊತ್ತು ದೂರದಿಂದ ಅವನ ಹಿಂದೆಯೇ ನಡೆದಳು. ಅವನು ಮಾರಿಕುಪ್ಪದ ಕಡೆ ತಿರುಗಲೇ ಇಲ್ಲ. ಆರುಮುಗಂ ಜೊತೆ ನೇರವಾಗಿ ಗಣಿಯ ಬಾಯಿಗೆ ಹೋದ. ಮೇಸ್ತ್ರಿ "ವೆಂಕಟಪ್ಪನ್!" ಎಂದು ಕೂಗಿದಾಗ ಮುಂದೆ ಹೋಗಿ ಮೇಣದಬತ್ತಿಗಳನ್ನು ಈಸಿಕೊಂಡ. ಕಬ್ಬಿಣದ ಗೂಡಿನೊಳಗೆ ಹತ್ತಾರು ಜನರ ನಡುವೆ ತಲೆ ತಗ್ಗಿಸಿ ನಿಂತ. ಗಂಟೆ ಹೊಡೆಯಿತು. ಗೂಡು ಕಲ್ಲಿನಂತೆ ಕೆಳಕ್ಕೆ ಹೋಯಿತು.

ಕಳ್ಳನಾಗಿದ್ದರೆ ವಾಸಿಯಿತ್ತು ಎಂದು ಅವಳಿಗೆ ಆಗ ಅನ್ನಿಸಿತಂತೆ.

ಮೊಸರು ಮಾರಲಿಲ್ಲ, ಮನೆಗೂ ಹೋಗಲಿಲ್ಲ. ಬೇಲಿಯ ಪಕ್ಕ ಕುಳಿತು, ತಿರುಗುವ ರಾಟೆಯನ್ನೂ ಅದರ ಮೇಲಿನ ಹಗ್ಗವನ್ನೂ ನೋಡುತ್ತಿದ್ದಳು. ಮಧ್ಯಾಹ್ನ ಕಳೆದು ಪಾಳಿ ಬಿಟ್ಟಿತು. ಆರುಮುಗಂ ಜೊತೆ ಅಜ್ಜ ಮೇಲೆ ಬಂದ. ಕಾವಲುಗಾರ ಅವನ ರುಮಾಲು ಬಿಚ್ಚಿ ಒದರಿದ, ಬಾಯಿ ತೆಗೆಸಿ ನಾಲಿಗೆ ಎತ್ತಿಸಿದ. ಬಾಯಿ ತೆರೆದುಕೊಂಡೇ ಅವನು ಬೇಲಿಯಾಚೆ ನಿಂತ ಹೆಂಡತಿಯನ್ನು ಕಂಡ.

ಹೊರಬಂದವನು ಅವಳ ಹತ್ತಿರ ಬರಲು ಹೆದರಿ ದೂರವೇ ನಿಂತ.

"ದೀಪ ಮುಟ್ಟಿದ್ದೆಯಲ್ಲಯ್ಯಾ," ಎಂದಳು.

"ಮುಟ್ಟಿದ್ದೆ."

"ಮತ್ತೆ?"

"ಊರಿಗೆ ಓಗೋಣ ಅಂದಿದ್ರೆ ನೀನು ಬತ್ತಿದ್ದಾ?" ಎಂದ ಅಜ್ಜ. "ಅಕ್ಕಯ್ಯಮ್ಮನ ಮುಂದೆ ನಿನ್ನ ತಲೆ ತಗ್ಗಿಸಾಕೆ ನಂಗೆ ಇಷ್ಟ ಇರ್ಲಿಲ್ಲ ಕಣೆ. ನಿನ್ನ ಮಾತು ಉಳೀಲಿ ಅಂತ ನನ್ನ ಮಾತು ಮುರಿದೆ."

"ನಿನ್ನ ಪಂಚೇಲಿದ್ದ ಆ ಅಳದಿ ಪುಡಿ?" ಎಂದಳು.

"ಅದಾ? ಅದು ಬರೀ ಕಲ್ಲು. ಮಿಂಚ್ತದೆ ಅಷ್ಟೇ. ನೀನು ನನ್ನ ಕಳ್ಳ ಅನ್ಕೊಂಡಿದ್ಯಾ?"

ಅವಳು ಮಡಕೆ ಇಳಿಸಿ ಅವನಿಗೂ ಆರುಮುಗಂಗೂ ಮೊಸರು ಸುರಿದುಕೊಟ್ಟಳು. ಆರುಮುಗಂ ಕಡೆ ಕಣ್ಣೆತ್ತಿ ನೋಡಲಿಲ್ಲ.

ಹಳ್ಳಿಗೆ ಹೋಗೋಣವೇ ಎಂದು ಅವಳೇ ಒಮ್ಮೆ ಕೇಳಿದಳಂತೆ. ಅಷ್ಟರಲ್ಲಿ ಅಜ್ಜನಿಗೆ ಒಳಗಿನ ಕೆಲಸ ಕೈಗೆ ಹತ್ತಿತ್ತು, ಬೇಡವೆಂದ. ಮುಂದೆ ಅವಳು ಗಣಿಯ ಬಾಯಿ ಕಾಣುವ ಜಾಗದಲ್ಲಿ ತಟ್ಟಿ ಕಟ್ಟಿ ಮುದ್ದೆ-ಸಾರಿನ ಅಂಗಡಿ ಇಟ್ಟಳು. ಇಳಿಯುವವರು, ಹತ್ತುವವರು ಎಲ್ಲರೂ ಅವಳ ಕಣ್ಣೆದುರೇ ಹೋಗಬೇಕಿತ್ತು. ಗಂಡ ಮೇಲೆ ಬರುವುದು ತಡವಾದರೆ ಮುದ್ದೆ ಕಟ್ಟುವ ಕೈ ಹಾಗೇ ನಿಂತುಬಿಡುತ್ತಿತ್ತಂತೆ.

ಹಗ್ಗ ಅವನನ್ನು ಕೊಲ್ಲಲಿಲ್ಲ. ಕಲ್ಲಿನ ಧೂಳು ಎದೆಯಲ್ಲಿ ಕೂತಿತ್ತು. ಕೆಮ್ಮಿ ಕೆಮ್ಮಿ, ನಮ್ಮ ತಂದೆಯ ಮದುವೆಯಾದ ವರ್ಷ ತೀರಿಕೊಂಡ. ಡಾಕ್ಟರು ಕ್ಷಯ ಎಂದರು. ಅಜ್ಜಿ ಆ ಮಾತನ್ನು ಕೊನೆಯವರೆಗೂ ನಂಬಲಿಲ್ಲ.

ಆರುಮುಗಂ ತೀರಿಹೋದ ಮೇಲೆ ಮಾರಿಯಮ್ಮ ಅಂಗಡಿಗೆ ಬಂದು ಸೇರಿದಳು. ಇಬ್ಬರು ಮುದುಕಿಯರು ಒಂದೇ ಒಲೆಯ ಎದುರು ದಿನವೆಲ್ಲ ಕೂರುವುದನ್ನು ನಾನು ನೋಡಿದ್ದೇನೆ. ಯುದ್ಧದ ಕಾಲದಲ್ಲಿ ಅಕ್ಕಿ ಸಿಗದಿದ್ದಾಗ ಮಾರಿಯಮ್ಮ ಎಲ್ಲಿಂದಲೋ ಒಂದು ಸೇರು ಅಕ್ಕಿ ಹೊಂದಿಸಿಕೊಂಡು ಬಂದಳು.

"ಎಲ್ಲಿ ಸಿಕ್ತೇ?" ಎಂದು ಅಜ್ಜಿ ಕಣ್ಣು ಕಿರಿದು ಮಾಡಿದಳು.

"ಒಣ್ಣೂ ಕೇಳ್ಬೇಡ ಅಕ್ಕಾ, ಉಣ್ಣು."

ಅಜ್ಜಿ ಮಾರಿಯಮ್ಮನ ಮುಖವನ್ನೇ ನೋಡುತ್ತ ಉಂಡಳು.